ಮೆಣಸಿನ ಬಳ್ಳಿಯ ಒಳಗಿನಿಂದ ಟೇಪು ಹೋಯಿತೇ? ಸಣ್ಣ ತೋಟಗಳ ಕಾರ್ಬನ್ ಅಳೆಯುವ ಸೇವೆಯ ವಿಮರ್ಶೆ

ಒಂದೆರಡು ಎಕರೆ ಕಾಫಿ, ಅಂಗಳದ ಸುತ್ತ ಹಲಸು, ಮಾವು, ಬೆಣ್ಣೆಹಣ್ಣು, ಹತ್ತಿಪ್ಪತ್ತು ಅಡಿಕೆ, ನೆರಳಿಗೆ ಸಿಲ್ವರ್ ಓಕ್ (ಇಲ್ಲಿನವರ ಬಾಯಲ್ಲಿ ಬರೀ ಸಿಲ್ವರ್) ಮತ್ತು ಹಾಲುವಾಣ, ಬೇಲಿಯ ಅಂಚಿನಲ್ಲಿ ಅಜ್ಜನ ಕಾಲದ ಒಂದು ಮತ್ತಿಯೋ ಅತ್ತಿಯೋ. ಕೊಡಗಿನ ಸಣ್ಣ ಬೆಳೆಗಾರರ ಜಾಗ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇಂಥ ಜಾಗಕ್ಕೆ ಬಂದು ಮರ ಅಳೆದು, ಮಣ್ಣು ತೆಗೆದು, "ನಿಮ್ಮ ತೋಟದಲ್ಲಿ ಇಷ್ಟು ಟನ್ ಕಾರ್ಬನ್ ಇದೆ" ಎಂಬ ವರದಿ ಕೊಡುವ ಖಾಸಗಿ ಸೇವೆಯೊಂದರ ಕೆಲಸವನ್ನು ಇಲ್ಲಿ ನೋಡಿದ್ದೇವೆ. ಕಂಪನಿಯ ಹೆಸರು ಬೇಡ. ಇದೇ ಪದ್ಧತಿಯಲ್ಲಿ ಕೆಲಸ ಮಾಡುವ ಯಾರನ್ನು ಕರೆಸಿದರೂ ತಪ್ಪುಗಳು ಇವೇ ಜಾಗಗಳಲ್ಲಿ ಆಗುತ್ತವೆ, ಕೇಳಬೇಕಾದ ಪ್ರಶ್ನೆಗಳೂ ಇವೇ.

ತೀರ್ಪು ಮೊದಲೇ ಹೇಳುವುದಾದರೆ, ಮರದ ಲೆಕ್ಕ ಚೆನ್ನಾಗಿದೆ, ನೀವು ಜೊತೆಯಲ್ಲಿ ನಡೆದರೆ ಇನ್ನೂ ಚೆನ್ನಾಗುತ್ತದೆ. ಮಣ್ಣಿನ ಲೆಕ್ಕ ಈಗಿರುವ ರೂಪದಲ್ಲಿ ದುಡ್ಡು ಕೊಡುವಂಥದ್ದಲ್ಲ. ಕಾಫಿ ಮತ್ತು ಅಡಿಕೆಯ ಲೆಕ್ಕವನ್ನು ತಿದ್ದಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣದ ವರದಿಯ ಜೊತೆಗೆ ಒಂದೊಂದು ಮರಕ್ಕೆ ಒಂದೊಂದು ಸಾಲು ಇರುವ ಮೂಲ ಪಟ್ಟಿ ನಿಮ್ಮ ಕೈಗೆ ಬರಬೇಕು. ಮರದ ನಂಬರು, ಜಾತಿ, ಸುತ್ತಳತೆ, ಅಳೆದ ಎತ್ತರ, ಬಳಸಿದ ಸಾಂದ್ರತೆ ಇವಿಷ್ಟೂ ಅದರಲ್ಲಿರಬೇಕು. ಅದಿಲ್ಲದ ವರದಿಯನ್ನು ಯಾರೂ ಪರೀಕ್ಷಿಸಲಾಗದು, ಐದು ವರ್ಷ ಬಿಟ್ಟು ಅದರ ಮೇಲೆ ಮತ್ತೊಂದು ಅಳತೆಯನ್ನೂ ಕೂರಿಸಲಾಗದು.

ಕೆಲಸ ಶುರುವಾಗುವುದು ಗಡಿ ಗುರುತಿಸುವುದರಿಂದ. ಇಬ್ಬರು ಹುಡುಗರು ಮೊಬೈಲ್ ಹಿಡಿದು ಬೇಲಿಯ ಉದ್ದಕ್ಕೆ ನಡೆಯುತ್ತಾರೆ. ದಟ್ಟ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಐದು ಹತ್ತು ಮೀಟರ್ ಅತ್ತಿತ್ತ ಆಗುವುದು ಸಾಮಾನ್ಯ. ದೊಡ್ಡ ಎಸ್ಟೇಟಿಗೆ ಇದು ಲೆಕ್ಕಕ್ಕಿಲ್ಲ, ಸಣ್ಣ ಜಾಗಕ್ಕೆ ಮಾತ್ರ ದೊಡ್ಡ ಪೆಟ್ಟು. ಚೌಕಾಕಾರದ 50 ಸೆಂಟಿನ, ಅಂದರೆ ಅರ್ಧ ಎಕರೆಯ, ಒಂದು ಬದಿ ಸುಮಾರು 45 ಮೀಟರ್. ಒಂದೇ ಕಡೆಯ ಗಡಿ 5 ಮೀಟರ್ ಆಚೆ ಸರಿದರೂ ವಿಸ್ತೀರ್ಣ ಶೇ. 11ರಷ್ಟು ಬದಲಾಗುತ್ತದೆ. ಹಾಗಾಗಿ ಮೊಬೈಲಿನ ನಕ್ಷೆಯನ್ನು ಪಹಣಿಯ ವಿಸ್ತೀರ್ಣದ ಜೊತೆ ಅಲ್ಲೇ ತಾಳೆ ನೋಡಿ. ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ನಡೆಯಲು ಹೇಳಿ. ಮೂಲೆಗಳಲ್ಲಿ ಒಂದೆರಡು ನಿಮಿಷ ನಿಂತು ಬಿಂದು ಹಿಡಿದರೆ ಫಲಿತಾಂಶ ಸುಧಾರಿಸುತ್ತದೆ. ಈ ಗಡಿ ನಕ್ಷೆಯನ್ನು ಯುರೋಪಿನ ಅರಣ್ಯನಾಶ ತಡೆ ನಿಯಮಕ್ಕೂ ಬಳಸಬಹುದು ಎಂದು ಹೇಳಿ ಬೇರೆ ಶುಲ್ಕ ಕೇಳಿದರೆ ಕೊಡಬೇಡಿ. 2023ರ ಆ ನಿಯಮದಲ್ಲಿ 4 ಹೆಕ್ಟೇರಿಗಿಂತ ಚಿಕ್ಕ ಕಾಫಿ ಜಾಗಕ್ಕೆ ಒಂದೇ ಒಂದು ಬಿಂದು ಸಾಕು.

ಆಮೇಲೆ ಟೇಪು. ಇಡೀ ವರದಿ ನಿಂತಿರುವುದು ಈ ಒಂದು ಕೆಲಸದ ಮೇಲೆ.

ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ ತೆಗೆಯುತ್ತಾರೆ. ಅಳತೆಯಿಂದ ಮರದ ತೂಕ ಲೆಕ್ಕ ಹಾಕುವ ಜಗತ್ತಿನ ಬಹುಪಾಲು ಸೂತ್ರಗಳು 1.3 ಮೀಟರ್ ಎತ್ತರವನ್ನು ಹಿಡಿದಿವೆ. ನಮ್ಮ ದೇಶದ ಅರಣ್ಯ ಇಲಾಖೆಗಳ ರೂಢಿ ನಾಲ್ಕೂವರೆ ಅಡಿ, ಅಂದರೆ 1.37 ಮೀಟರ್. ಎರಡರಲ್ಲಿ ಯಾವುದಾದರೂ ಆಗಲಿ, ಪ್ರತಿ ಸಲವೂ ಅದೇ ಇರಬೇಕು. ಇಳಿಜಾರಿನಲ್ಲಿ ಮರದ ಮೇಲ್ಬದಿ ನಿಂತು ಅಳೆಯಬೇಕು. ಬುಡದಲ್ಲಿ ಹಲಗೆಬೇರು ಎದ್ದಿದ್ದರೆ ಅದು ಮುಗಿದ ಜಾಗದಿಂದ 30 ಸೆಂಟಿಮೀಟರ್ ಮೇಲೆ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಒಂದೊಂದು ಕವಲೂ ಒಂದೊಂದು ಮರದ ಲೆಕ್ಕ. ಇಷ್ಟನ್ನು ಈ ಸೇವೆಯ ಹುಡುಗರು ಸರಿಯಾಗಿ ಕಲಿತು ಬಂದಿದ್ದಾರೆ, ಅದಕ್ಕೆ ಪೂರ್ತಿ ಅಂಕ ಕೊಡಬೇಕು.

ಅವರು ಕಲಿಯದೆ ಬಂದದ್ದು ಕರಿಮೆಣಸಿನ ಬಳ್ಳಿ. ಇಲ್ಲಿ ನೆರಳಿನ ಮರ ಎಂದರೆ ಅದರ ಮೇಲೊಂದು ಬಳ್ಳಿ ಇದ್ದೇ ಇರುತ್ತದೆ. ಹತ್ತು ಹದಿನೈದು ವರ್ಷದ ಬಳ್ಳಿ ಕಾಂಡವನ್ನು ಸುತ್ತಲೂ ಮುಚ್ಚಿರುತ್ತದೆ. ಹೆಬ್ಬೆರಳಿಗಿಂತ ದಪ್ಪದ ನಾಲ್ಕಾರು ಎಳೆಗಳು, ಅವುಗಳ ನಡುವೆ ಕವಲು, ಎಲೆ, ಒಣ ಕಸ. ಅದರ ಮೇಲಿನಿಂದ ಟೇಪು ಬಿಗಿದರೆ ಸಿಗುವುದು ಮರದ ಅಳತೆಯಲ್ಲ. ಉದಾಹರಣೆಗೆ ಒಂದು ಸಿಲ್ವರ್ ಮರದ ನಿಜವಾದ ಸುತ್ತಳತೆ 120 ಸೆಂಟಿಮೀಟರ್, ಬಳ್ಳಿಯ ಮೇಲಿನಿಂದ ಹಿಡಿದಾಗ 150 ಬಂತು ಎಂದುಕೊಳ್ಳಿ. ಸೂತ್ರದಲ್ಲಿ ವ್ಯಾಸ ವರ್ಗವಾಗುತ್ತದೆ. ಆದ್ದರಿಂದ ಸುತ್ತಳತೆ ಕಾಲು ಭಾಗ ಹೆಚ್ಚಾದರೆ ಮರದ ತೂಕ ಸುಮಾರು ಶೇ. 55 ಹೆಚ್ಚಾಗುತ್ತದೆ. 940 ಕಿಲೋ ಇದ್ದ ಮರ ಕಾಗದದ ಮೇಲೆ 1,450 ಕಿಲೋ. ತೋಟದ ಪ್ರತಿ ಬಳ್ಳಿ ಮರಕ್ಕೂ ಇದೇ ಆದರೆ ಅರ್ಧ ತೋಟದಷ್ಟು ಕಾರ್ಬನ್ ಸುಮ್ಮನೆ ಹುಟ್ಟಿಕೊಳ್ಳುತ್ತದೆ.

ಸರಿಯಾದ ದಾರಿ ಕಷ್ಟವೇನಲ್ಲ. ಬಳ್ಳಿ ಮರಕ್ಕೆ ಅಂಟುವುದು ಗಿಣ್ಣಿನಲ್ಲಿ, ಬೇರು ಬಿಡುವುದು ಅಲ್ಲಿ ಮಾತ್ರ. ಎರಡು ಗಿಣ್ಣುಗಳ ನಡುವೆ ಎಳೆ ಸಡಿಲವಾಗಿರುತ್ತದೆ. ಬಟ್ಟೆ ಟೇಪಿನ ತುದಿಯನ್ನು ಸಪೂರ ಬಿದಿರಿನ ಸಲಾಕೆಗೆ ಕಟ್ಟಿ, ಅಂಥ ಜಾಗ ನೋಡಿ ಎಳೆಯ ಹಿಂದಿನಿಂದ ತೂರಿಸಿ, ಒಂದೊಂದಾಗಿ ದಾಟಿಸುತ್ತಾ ಸುತ್ತು ಬರಬೇಕು. ಟೇಪು ತೊಗಟೆಗೆ ತಾಗಿದೆಯೇ ಎಂದು ಬೆರಳು ಹಾಕಿ ನೋಡಬೇಕು. ಎಳೆದರೆ ಸರಾಗವಾಗಿ ಜಾರಿದರೆ ಸರಿ, ಎಲ್ಲಾದರೂ ಹಿಡಿದುಕೊಂಡರೆ ಬೇರಿಗೆ ಸಿಕ್ಕಿದೆ ಎಂದರ್ಥ. ಜೋರಾಗಿ ಎಳೆದು ಬಳ್ಳಿ ಕಿತ್ತರೆ ಆ ಜಾಗ ಮತ್ತೆ ಮರಕ್ಕೆ ಅಂಟುವುದಿಲ್ಲ, ಮಳೆಗಾಲದಲ್ಲಿ ಜೋತು ಬೀಳುತ್ತದೆ. ಒಳಗಿನಿಂದ ಟೇಪು ಹೋಗದಷ್ಟು ದಟ್ಟವಾಗಿದ್ದರೆ ದೊಡ್ಡ ಕ್ಯಾಲಿಪರಿನ ತುದಿಗಳನ್ನು ಎಳೆಗಳ ಸಂದಿಯಲ್ಲಿ ತೊಗಟೆಗೆ ತಾಗಿಸಿ, ಒಂದಕ್ಕೊಂದು ಅಡ್ಡಲಾಗಿ ಎರಡು ವ್ಯಾಸ ಹಿಡಿದು ಸರಾಸರಿ ತೆಗೆಯಬಹುದು. ಈ ಸೇವೆಯವರ ಚೀಲದಲ್ಲಿ ಕ್ಯಾಲಿಪರ್ ಇರಲಿಲ್ಲ, ಇರಬೇಕಿತ್ತು. ಮೂಲ ಪಟ್ಟಿಯಲ್ಲಿ "ಬಳ್ಳಿ ಇದೆ, ಒಳಗಿನಿಂದ ಅಳೆದದ್ದು" ಎಂಬ ಒಂದು ಕಾಲಂ ಇರಲಿ ಎಂದು ಒತ್ತಾಯಿಸಿ.

ಟೇಪಿನ ಬಗ್ಗೆ ಇನ್ನೊಂದು ಮಾತು. ವ್ಯಾಸವನ್ನೇ ನೇರವಾಗಿ ತೋರಿಸುವ ಟೇಪುಗಳಲ್ಲಿ ಒಂದು ಬದಿಗೆ ಸುತ್ತಳತೆ, ಇನ್ನೊಂದು ಬದಿಗೆ ವ್ಯಾಸ ಅಚ್ಚಾಗಿರುತ್ತದೆ. ಸಂಜೆಯ ಹೊತ್ತಿಗೆ ಕೈ ಸೋತಾಗ ಬದಿ ಅದಲುಬದಲಾಗುತ್ತದೆ. ಪಟ್ಟಿಯಲ್ಲಿ ಸಾಲಾಗಿ 110, 125, 118 ಎಂದು ಬರುತ್ತಿದ್ದ ಜಾಗದಲ್ಲಿ ಒಮ್ಮೆಲೇ 38 ಕಂಡರೆ ಅದು ಎಳೆ ಮರವಲ್ಲ, 120ರ ಸುತ್ತಳತೆಯ ಮರದ ವ್ಯಾಸ.

ಎತ್ತರವನ್ನು ಮೊಬೈಲ್ ಆ್ಯಪಿನಲ್ಲಿ ಕೋನ ಹಿಡಿದು ತೆಗೆಯುತ್ತಾರೆ. ಮರದಿಂದ 20 ಮೀಟರ್ ದೂರ ನಿಂತಾಗ ತುದಿಗೆ 45 ಡಿಗ್ರಿ, ಬುಡಕ್ಕೆ ಕೆಳಮುಖವಾಗಿ 5 ಡಿಗ್ರಿ ಬಂದರೆ ಎತ್ತರ ಸುಮಾರು 21.7 ಮೀಟರ್. ವಿಧಾನ ಸರಿ, ತೊಂದರೆ ಇರುವುದು ತುದಿ ಕಾಣುವುದರಲ್ಲಿ. ತೋಟದೊಳಗೆ ಹತ್ತಿರ ನಿಂತು ತಲೆ ಎತ್ತಿದರೆ ಕಾಣುವುದು ನಮ್ಮ ಕಡೆ ಚಾಚಿದ ಪಕ್ಕದ ಕೊಂಬೆ, ಅದನ್ನೇ ತುದಿ ಎಂದುಕೊಂಡರೆ ಎತ್ತರ ಹೆಚ್ಚು ಬರುತ್ತದೆ. ಮರದ ಎತ್ತರದಷ್ಟಾದರೂ ದೂರ ಹೋಗಿ, ಕಣದ ಕಡೆಯಿಂದಲೋ ಗದ್ದೆಯ ಕಡೆಯಿಂದಲೋ ನೋಡಿದರೆ ಸರಿಯಾದ ತುದಿ ಸಿಗುತ್ತದೆ. 22 ಮೀಟರ್ ಇರುವುದನ್ನು 26 ಎಂದು ಬರೆದರೆ ತೂಕ ಶೇ. 18 ಏರುತ್ತದೆ. ಎಲ್ಲ ಮರಗಳ ಎತ್ತರ ಹೀಗೆ ತೆಗೆಯಲು ಸಮಯ ಸಾಲದಿದ್ದರೆ, ಒಂದೊಂದು ಜಾತಿಯಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಸೇರಿ ಹತ್ತು ಹದಿನೈದು ಮರ ಚೆನ್ನಾಗಿ ಅಳೆದು, ಉಳಿದವಕ್ಕೆ ಆ ಹೋಲಿಕೆಯಿಂದ ಹಾಕುವುದು ಎಲ್ಲವನ್ನೂ ಅವಸರದಲ್ಲಿ ಅಳೆಯುವುದಕ್ಕಿಂತ ಮೇಲು.

ಜಾತಿ ಗುರುತಿಸುವಾಗ ಮನೆಯವರು ಜೊತೆಗಿರಲೇಬೇಕು. ಸೂತ್ರಕ್ಕೆ ಬೇಕಾದ ಮೂರನೆಯ ಸಂಖ್ಯೆ ಮರದ ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರ್ ಮರಕ್ಕೆ ಎಷ್ಟು ಗ್ರಾಂ ಒಣ ತೂಕ ಎಂಬುದು. ಬೀಟೆ, ಮತ್ತಿ 0.75ರ ಆಸುಪಾಸು, ಹೊನ್ನೆ 0.7ರ ಹತ್ತಿರ, ಸಿಲ್ವರ್ ಮತ್ತು ಹಲಸು 0.55ರ ಸುತ್ತಮುತ್ತ, ಹಾಲುವಾಣ 0.3 ಅಥವಾ ಅದಕ್ಕೂ ಕಡಿಮೆ. ಆ್ಯಪಿನಲ್ಲಿ ಜಾತಿ ಗೊತ್ತಾಗದಿದ್ದರೆ "ಇತರೆ" ಎಂದು ಒತ್ತಿ 0.6 ಹಾಕಿಬಿಡುತ್ತಾರೆ. ಹಾಲುವಾಣಕ್ಕೆ 0.6 ಹಾಕಿದರೆ ಅದರ ತೂಕ ಸುಮಾರು ಎರಡು ಪಟ್ಟಾಗುತ್ತದೆ, ಅದೇ 0.6 ಬೀಟೆಗೆ ಬಿದ್ದರೆ ಐದರಲ್ಲಿ ಒಂದು ಭಾಗ ಖೋತಾ. ನಾವು ನೋಡಿದ ಪಟ್ಟಿಯಲ್ಲಿ "ಇತರೆ" ಸಾಲುಗಳು ಬೇಕಾದ್ದಕ್ಕಿಂತ ಬಹಳ ಹೆಚ್ಚಿದ್ದವು. ತೋಟದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋದರೆ ಅರ್ಧ ದಿನದಲ್ಲಿ ತೀರುವ ಸಮಸ್ಯೆ ಇದು. ಅವರಿಗೂ ತಿಳಿಯದ ಮರವಿದ್ದರೆ ಎಲೆ, ಕಾಯಿ ಇರುವ ರೆಂಬೆ ಹಿಡಿದು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಬಹುದು. ಮರದ ವ್ಯಾಪಾರಿಗಳ ಕೋಷ್ಟಕದಲ್ಲಿರುವ ತೂಕವನ್ನು ಇಲ್ಲಿ ಹಾಕಬಾರದು. ಅದು ಒಂದಿಷ್ಟು ತೇವ ಉಳಿದಿರುವ ಮರದ್ದು. ಸೂತ್ರ ಕೇಳುವುದು ಪೂರ್ತಿ ಒಣಗಿಸಿದ ತೂಕವನ್ನು ಹಸಿ ಮರದ ಗಾತ್ರದಿಂದ ಭಾಗಿಸಿದ ಸಂಖ್ಯೆ, ಅದು ಯಾವಾಗಲೂ ಸ್ವಲ್ಪ ಕಡಿಮೆ.

ಸೂತ್ರವನ್ನು ನೀವೇ ಒಮ್ಮೆ ಹಾಕಿ ನೋಡಿ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉಷ್ಣವಲಯದ ಮರಗಳಿಗೆ ಹೆಚ್ಚಾಗಿ ಬಳಸುವುದು 2014ರ ಸೂತ್ರ. ಸಾಂದ್ರತೆ, ಸೆಂಟಿಮೀಟರಿನಲ್ಲಿ ವ್ಯಾಸದ ವರ್ಗ, ಮೀಟರಿನಲ್ಲಿ ಎತ್ತರ ಈ ಮೂರನ್ನೂ ಗುಣಿಸಿ, ಬಂದದ್ದನ್ನು 0.976ರ ಘಾತಕ್ಕೇರಿಸಿ, 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 120 ಸೆಂಟಿಮೀಟರ್ ಸುತ್ತಳತೆ ಎಂದರೆ 38.2 ವ್ಯಾಸ, ಎತ್ತರ 22, ಸಾಂದ್ರತೆ 0.55 ಹಾಕಿದಾಗ ಮೇಲೆ ಹೇಳಿದ 940 ಕಿಲೋ ಬರುತ್ತದೆ. ಇದರ ಶೇ. 47 ಕಾರ್ಬನ್, ಅಂದರೆ ಸುಮಾರು 440 ಕಿಲೋ. ಬೇರಿಗೆ ಶೇ. 24 ಸೇರಿಸಿ, ಕಾರ್ಬನ್ನಿನಿಂದ ಕಾರ್ಬನ್ ಡೈಆಕ್ಸೈಡಿಗೆ ಬರಲು 3.67ರಿಂದ ಗುಣಿಸಿದರೆ 2 ಟನ್. ಒಂದೇ ಮರಕ್ಕೆ 940, 440, 2,000 ಎಂಬ ಮೂರು ಸಂಖ್ಯೆಗಳಿವೆ, ಮೂರೂ ಸರಿ. ವರದಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಕೇಳಿ. ಪಕ್ಕದ ತೋಟದವರ ವರದಿಯ ಜೊತೆ ಹೋಲಿಸುವಾಗ ಆಗುವ ಗೊಂದಲ ಬಹುತೇಕ ಇದರಿಂದಲೇ.

ಈ ಸೂತ್ರಕ್ಕೆ ಒಂದು ಮಿತಿ ಇದೆ, ವರದಿಯಲ್ಲಿ ಅದನ್ನು ಎಲ್ಲೂ ಹೇಳಿಲ್ಲ. ಅದು ಹುಟ್ಟಿದ್ದು ಕಾಡಿನಲ್ಲಿ ತನ್ನಷ್ಟಕ್ಕೆ ಬೆಳೆದ ಮರಗಳಿಂದ. ನಮ್ಮ ಮರಗಳಿಗೆ ಮರಗಸಿ, ಅಂದರೆ ನೆರಳು ಹದಮಾಡಲು ಕೊಂಬೆ ಕಡಿಯುವುದು, ಆಗುತ್ತದೆ. ಪಕ್ಕದ ಕೊಂಬೆಗಳನ್ನು ಪದೇಪದೇ ಕಡಿದ ಸಿಲ್ವರಿನಲ್ಲಿ ಕಂಬದಂಥ ಕಾಂಡ ಇರುತ್ತದೆ, ಸೂತ್ರ ಊಹಿಸಿಕೊಂಡಷ್ಟು ಕೊಂಬೆ ಇರುವುದಿಲ್ಲ. ಪೊಟರೆ ಬಿದ್ದ ಹಳೇ ಮರಗಳದ್ದೂ ಇದೇ ಕಥೆ, ಹೊರಗಿನ ಸುತ್ತಳತೆಗೆ ಒಳಗಿನ ಟೊಳ್ಳು ಗೊತ್ತಾಗುವುದಿಲ್ಲ. ಇಂಥ ಮರಗಳನ್ನು ಪಟ್ಟಿಯಲ್ಲಿ ಗುರುತು ಮಾಡಿ, ಕಾಂಡದ ಗಾತ್ರವನ್ನಷ್ಟೇ ಲೆಕ್ಕ ಹಾಕಿ ಕೊಂಬೆಗೆ ಕಡಿಮೆ ಪಾಲು ಕೊಡುವುದು ಪ್ರಾಮಾಣಿಕ ದಾರಿ.

ಮಾದರಿ ತುಂಡು ಹಾಕುವುದೋ, ಎಲ್ಲ ಮರ ಎಣಿಸುವುದೋ? ಐದು ಎಕರೆಗಿಂತ ಕಡಿಮೆ ಇದ್ದರೆ ಎಲ್ಲವನ್ನೂ ಎಣಿಸಿ ಎಂದು ಪಟ್ಟು ಹಿಡಿಯಿರಿ. ಕಂಪನಿಗೆ ಸುಲಭವಾದದ್ದು 12.62 ಮೀಟರ್ ಹಗ್ಗ ಹಿಡಿದು ಸುತ್ತು ಹೊಡೆದು, 500 ಚದರ ಮೀಟರಿನ ವೃತ್ತದೊಳಗಿನ ಮರಗಳನ್ನಷ್ಟೇ ಅಳೆದು ಎಕರೆಗೆ ಹಿಗ್ಗಿಸುವುದು. ಒಂದೇ ಥರದ ಮರ ಸಾಲಾಗಿರುವ ದೊಡ್ಡ ಎಸ್ಟೇಟಿಗೆ ಇದು ಸರಿ. ಮನೆತೋಟದಲ್ಲಿ ಒಂದು ಮೂಲೆಯಂತೆ ಇನ್ನೊಂದು ಇರುವುದಿಲ್ಲ. 4 ಮೀಟರ್ ಸುತ್ತಳತೆ, 32 ಮೀಟರ್ ಎತ್ತರದ ಒಂದು ಮತ್ತಿ ಮರದ ತೂಕ ಇದೇ ಸೂತ್ರದಲ್ಲಿ 19 ಟನ್, ಅಂದರೆ ಮೇಲಿನ ಸಿಲ್ವರ್ ಮರದಂಥ ಇಪ್ಪತ್ತು ಮರ. ಅದು ವೃತ್ತದೊಳಗೆ ಬಿದ್ದರೆ ಎಕರೆಗೆ ಹಿಗ್ಗಿಸುವಾಗ ಎಂಟು ಮತ್ತಿಗಳಾಗುತ್ತವೆ. ಹೊರಗೆ ಬಿದ್ದರೆ ನಿಮ್ಮ ತೋಟದ ಅತಿ ದೊಡ್ಡ ಮರ ಲೆಕ್ಕಕ್ಕೇ ಇಲ್ಲ. ಇಳಿಜಾರಿನದ್ದೂ ಒಂದು ತಿದ್ದುಪಡಿ ಇದೆ. 25 ಡಿಗ್ರಿ ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಒರಗಿಸಿ ಹಿಡಿದರೆ ವೃತ್ತದ ಸಮತಲ ವಿಸ್ತೀರ್ಣ ಶೇ. 9 ಕಡಿಮೆಯಾಗುತ್ತದೆ. ಇಳಿಜಾರಿನ ದಿಕ್ಕಿನಲ್ಲಿ ಹಗ್ಗ 13.9 ಮೀಟರ್ ಇರಬೇಕು. ಪಹಣಿಯ ಎಕರೆ ಸಮತಲದ ಎಕರೆ ಎಂಬುದನ್ನು ಮರೆತರೆ ಮಡಿಕೇರಿ ಕಡೆಯ ಕಡಿದಾದ ತೋಟಗಳಿಗೆ ನಷ್ಟ.

ಕಾಫಿ ಗಿಡವನ್ನು ಈ ವರದಿ ಲೆಕ್ಕಕ್ಕೇ ಹಿಡಿದಿಲ್ಲ. ಹತ್ತಡಿಗೆ ಹತ್ತಡಿ ಅಂತರದ ರೋಬಸ್ಟಾ ಎಕರೆಗೆ 435 ಗಿಡ, ಆರಕ್ಕೆ ಆರರ ಅರೇಬಿಕಾ 1,210. ಒಂದೊಂದರದ್ದು ಸಣ್ಣ ಪಾಲಾದರೂ ಒಟ್ಟು ಬಿಡುವಂಥದ್ದಲ್ಲ. ಕಾಫಿಯನ್ನು ಎದೆಮಟ್ಟದಲ್ಲಲ್ಲ, ನೆಲದಿಂದ 15 ಸೆಂಟಿಮೀಟರ್ ಮೇಲೆ ಅಳೆಯುತ್ತಾರೆ. ಹಲವು ಕಾಂಡದ ರೋಬಸ್ಟಾದಲ್ಲಿ ಒಂದೊಂದರ ವ್ಯಾಸವನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. 4, 5, 6 ಸೆಂಟಿಮೀಟರಿನ ಮೂರು ಕಾಂಡಗಳಿದ್ದರೆ 8.8, ಅವನ್ನು ಸುಮ್ಮನೆ ಕೂಡಿಸಿ 15 ಎಂದು ಬರೆಯುವುದು ತಪ್ಪು. ವರ್ಷವರ್ಷ ಕಪಾತು ಮಾಡುವುದರಿಂದ ಗಿಡದ ಮೇಲ್ಭಾಗ ಹೆಚ್ಚು ಬದಲಾಗುವುದಿಲ್ಲ, ಮೂವತ್ತು ನಲವತ್ತು ಗಿಡ ಅಳೆದು ಸರಾಸರಿ ಹಿಡಿದರೆ ಸಾಕು.

ಅಡಿಕೆ, ತೆಂಗು ಮರವೇ ಅಲ್ಲ, ಲೆಕ್ಕದ ದೃಷ್ಟಿಯಿಂದ. ಅವು ವಯಸ್ಸಾದಂತೆ ದಪ್ಪವಾಗುವುದಿಲ್ಲ, ಉದ್ದವಾಗುತ್ತವೆ. ಅವಕ್ಕೆ ಎತ್ತರದ ಮೇಲಿನ ಬೇರೆ ಸೂತ್ರ ಬೇಕು. ಈ ವರದಿಯಲ್ಲಿ ಅಡಿಕೆಯೂ ಸಿಲ್ವರಿನ ಸಾಲಿನಲ್ಲೇ ನಿಂತಿತ್ತು. ತಿದ್ದಿ ಕೊಡಿ ಎಂದು ಕೇಳಿದ ಮೇಲೆ ಬೇರೆ ಮಾಡಿ ಕೊಟ್ಟರು, ಅದು ಅವರ ಒಳ್ಳೆಯತನ. ಬಾಳೆಯನ್ನು ಬಿಟ್ಟುಬಿಡಿ, ಒಂದೆರಡು ವರ್ಷಕ್ಕೆ ಮಣ್ಣಾಗುವ ಗಿಡ ದಾಸ್ತಾನಲ್ಲ.

ಇನ್ನು ಮಣ್ಣು. ಹೆಚ್ಚಿನ ಕಾರ್ಬನ್ ಇರುವುದು ಇಲ್ಲಿ, ಕೆಲಸ ಕೆಟ್ಟಿರುವುದೂ ಇಲ್ಲೇ. ಕೊಡಗಿನ ಅಂಕಿಗಳಲ್ಲ, ಆದರೆ ಪಕ್ಕದ ಕೇರಳದ ಮನೆತೋಟಗಳ ಅಧ್ಯಯನಗಳು ಪ್ರಮಾಣದ ಅಂದಾಜು ಕೊಡುತ್ತವೆ. 2011ರಲ್ಲಿ ಪ್ರಕಟವಾದ ಒಂದರಲ್ಲಿ ಮಧ್ಯ ಕೇರಳದ ಮನೆತೋಟಗಳ ನೆಲದ ಮೇಲಿನ ಕಾರ್ಬನ್ ಹೆಕ್ಟೇರಿಗೆ 16ರಿಂದ 36 ಟನ್. 2009ರ ಇನ್ನೊಂದರಲ್ಲಿ ಒಂದು ಮೀಟರ್ ಆಳದವರೆಗಿನ ಮಣ್ಣಿನಲ್ಲಿ 101.5ರಿಂದ 127.4 ಟನ್. ಅದರಲ್ಲೇ ಇನ್ನೂ ಗಮನಿಸಬೇಕಾದ ಸಂಗತಿ ಏನೆಂದರೆ 0.4 ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದು ಎಕರೆಗಿಂತ ಚಿಕ್ಕ ತೋಟಗಳಲ್ಲಿ ಹೆಕ್ಟೇರಿಗೆ 119.3 ಟನ್, ದೊಡ್ಡವುಗಳಲ್ಲಿ 108.2. ಚಿಕ್ಕ ಜಾಗದಲ್ಲಿ ಮರವೂ ಹೆಚ್ಚು, ಜಾತಿಯೂ ಹೆಚ್ಚು. ಸಣ್ಣ ಹಿಡುವಳಿಯ ಮಣ್ಣನ್ನು ಸರಿಯಾಗಿ ಅಳೆಯಬೇಕೆಂದು ನಾವು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಈ ಸೇವೆ ಮಾಡುವುದೇನೆಂದರೆ, ನಿಮ್ಮ ಹತ್ತಿರ ಇರುವ ಮಣ್ಣು ಪರೀಕ್ಷೆಯ ಚೀಟಿಯಿಂದ ಸಾವಯವ ಇಂಗಾಲದ ಶೇಕಡಾವಾರು ಎತ್ತಿಕೊಂಡು, ಅದನ್ನು 30 ಸೆಂಟಿಮೀಟರ್ ಆಳಕ್ಕೆ ಹರಡಿ, ಸಾಂದ್ರತೆಯನ್ನು ಊಹಿಸಿಕೊಂಡು ಗುಣಿಸಿಬಿಡುತ್ತದೆ. ಆ ಚೀಟಿಯ ಮಣ್ಣು ಸಾಮಾನ್ಯವಾಗಿ ಮೇಲಿನ 15 ಸೆಂಟಿಮೀಟರಿನದ್ದು, ಗೊಬ್ಬರದ ಶಿಫಾರಸಿಗಾಗಿ ತೆಗೆದದ್ದು. ದರಗು ಕೊಳೆಯುವ ಮೇಲಿನ ಪದರದಲ್ಲಿ ಇಂಗಾಲ ಹೆಚ್ಚು, ಕೆಳಗೆ ಹೋದಂತೆ ಇಳಿಯುತ್ತದೆ. ಒಂದು ಉದಾಹರಣೆ ಲೆಕ್ಕ ನೋಡಿ. ಹೆಕ್ಟೇರಿಗೆ ಟನ್ ಬೇಕಿದ್ದರೆ ಇಂಗಾಲದ ಶೇಕಡಾವಾರು, ಮಣ್ಣಿನ ಸಾಂದ್ರತೆ, ಸೆಂಟಿಮೀಟರಿನಲ್ಲಿ ಆಳ ಈ ಮೂರನ್ನು ಗುಣಿಸಿದರಾಯಿತು. ಮೇಲಿನ 15 ಸೆಂಟಿಮೀಟರಿನಲ್ಲಿ ಶೇ. 3.2, ಸಾಂದ್ರತೆ 1.0 ಇದ್ದರೆ 48 ಟನ್. ಕೆಳಗಿನ 15ರಲ್ಲಿ ಶೇ. 2.0, ಸಾಂದ್ರತೆ 1.1 ಇದ್ದರೆ 33. ಒಟ್ಟು 81. ಮೇಲಿನದನ್ನೇ ಕೆಳಗೂ ಎಳೆದರೆ 96. ವ್ಯತ್ಯಾಸ ಹೆಕ್ಟೇರಿಗೆ 15 ಟನ್, ಅಂದರೆ ಎಕರೆಗೆ 6 ಟನ್ ಕಾರ್ಬನ್, ಡೈಆಕ್ಸೈಡಿನ ಲೆಕ್ಕದಲ್ಲಿ 22 ಟನ್. ಹನ್ನೊಂದು ದೊಡ್ಡ ಸಿಲ್ವರ್ ಮರಗಳು ಇಲ್ಲದೆಯೇ ವರದಿಯಲ್ಲಿ ನಿಂತಂತಾಯಿತು. ಮೇಲಿನ ಪದರಕ್ಕೆ 1.0ರ ಬದಲು 1.4ರ ಸಾಂದ್ರತೆ ಹಾಕಿದರಂತೂ ಆ ಪದರದ ಲೆಕ್ಕ ಶೇ. 40 ಉಬ್ಬುತ್ತದೆ. ಕಾಫಿ ತೋಟದ ಮೇಲ್ಮಣ್ಣು ಹಗುರ, ಅದಕ್ಕೆ ಬಯಲುಸೀಮೆಯ ಹೊಲದ ಸಂಖ್ಯೆ ಹಾಕಬಾರದು.

ಸಾಂದ್ರತೆ ಅಳೆಯುವುದು ಮನೆಯಲ್ಲೇ ಆಗುವ ಕೆಲಸ. 5 ಸೆಂಟಿಮೀಟರ್ ವ್ಯಾಸ, 5 ಸೆಂಟಿಮೀಟರ್ ಎತ್ತರದ, ಒಂದು ಅಂಚು ಹರಿತವಾದ ಉಕ್ಕಿನ ಬಳೆ ಬೇಕು. ಅದರೊಳಗೆ 98 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ. 30 ಸೆಂಟಿಮೀಟರ್ ಗುಂಡಿ ತೋಡಿ, ಗೋಡೆಯನ್ನು ಕತ್ತಿಯಿಂದ ನುಣ್ಣಗೆ ಕೆರೆದು, ಬಳೆಯನ್ನು ಗೋಡೆಗೆ ಅಡ್ಡಲಾಗಿ ಇಟ್ಟು, ಮೇಲೊಂದು ಮರದ ತುಂಡು ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಜೋರಾಗಿ ಬಡಿದರೆ ಒಳಗೆ ಮಣ್ಣು ಅಮುಕಿ ಸಾಂದ್ರತೆ ಹೆಚ್ಚು ತೋರಿಸುತ್ತದೆ. ಸುತ್ತಲಿನ ಮಣ್ಣು ಬಿಡಿಸಿ ಬಳೆ ತೆಗೆದು, ಎರಡೂ ಅಂಚಿನಲ್ಲಿ ಮಟ್ಟಕ್ಕೆ ಕತ್ತರಿಸಿ, ಚೀಲಕ್ಕೆ ಸುರಿದು ಹೆಸರು ಬರೆಯಬೇಕು. ಬೇರು ಚಾಚಿಕೊಂಡಿದ್ದರೆ ಕಿತ್ತೆಳೆಯದೆ ಕತ್ತರಿಯಿಂದ ಕತ್ತರಿಸಿ. 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿದರೆ, ಆ ಗ್ರಾಂ ಅನ್ನು 98ರಿಂದ ಭಾಗಿಸಿದ್ದೇ ಸಾಂದ್ರತೆ. ಜಂಬಿಟ್ಟಿಗೆಯ ಹರಳು ಹೆಚ್ಚಿರುವ ಜಾಗದಲ್ಲಿ 2 ಮಿಲಿಮೀಟರಿಗಿಂತ ದೊಡ್ಡ ಕಲ್ಲನ್ನು ಜರಡಿ ಹಿಡಿದು ಅದರ ಪಾಲನ್ನು ಕಳೆಯಬೇಕು, ಕಲ್ಲಿನಲ್ಲಿ ಸಾವಯವ ಇಂಗಾಲವಿಲ್ಲ.

ಇಂಗಾಲದ ಪರೀಕ್ಷೆಗೆ ಮಣ್ಣು ತೆಗೆಯುವಾಗ ಗಿಡದ ಬುಡದ ಗೊಬ್ಬರದ ಸುತ್ತು, ಕೊಟ್ಟಿಗೆಯ ಹಿಂಭಾಗ, ಕಾಂಪೋಸ್ಟ್ ಗುಂಡಿಯ ಬದಿ, ಬೂದಿ ಸುರಿಯುವ ಜಾಗ ಬಿಡಿ. ಮನೆಯ ಹಿತ್ತಲಿನ ಮಣ್ಣನ್ನು ಕಾಫಿಯ ಮಣ್ಣಿನ ಜೊತೆ ಬೆರೆಸಬೇಡಿ. ಎರಡೂ ಬೇರೆಬೇರೆ ಚೀಲ, ಬೇರೆಬೇರೆ ವಿಸ್ತೀರ್ಣ. 0–15 ಮತ್ತು 15–30 ಸಹ ಬೇರೆಬೇರೆ. ನೆರಳಿನಲ್ಲಿ ಒಣಗಿಸಿ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪರೀಕ್ಷೆಯ ಬಗ್ಗೆ ಕೇಳಿ. ಪರೀಕ್ಷಾಲಯದವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ಡೈಕ್ರೋಮೇಟ್ ಹಾಕಿ ಮಾಡುವ ಹಳೆಯ ವಿಧಾನ ಮಣ್ಣಿನ ಇಂಗಾಲದಲ್ಲಿ ಸುಮಾರು ಶೇ. 77ನ್ನು ಮಾತ್ರ ಹಿಡಿಯುತ್ತದೆ, ಅದಕ್ಕೆ 1.3ರಿಂದ ಗುಣಿಸುವ ರೂಢಿ. ಚೀಟಿಯ ಸಂಖ್ಯೆ ಗುಣಿಸುವ ಮೊದಲಿನದೋ ನಂತರದ್ದೋ? ಪರೀಕ್ಷಾಲಯ ಒಮ್ಮೆ, ಕಂಪನಿ ಮತ್ತೊಮ್ಮೆ ಗುಣಿಸಿದರೆ ಕಾಲಿಗಿಂತ ಹೆಚ್ಚು ಭಾಗ ಸುಳ್ಳು ಸೇರುತ್ತದೆ. ಯಂತ್ರದಲ್ಲಿ ಸುಟ್ಟು ಒಟ್ಟು ಇಂಗಾಲ ಅಳೆಯುವ ವಿಧಾನಕ್ಕೆ 1.3 ಬೇಡ. ಆದರೆ ಈಚೆಗೆ ಸುಣ್ಣವೋ ಡಾಲಮೈಟೋ ಹಾಕಿದ ಮಣ್ಣಾದರೆ ಅದರ ಇಂಗಾಲವೂ ಸೇರಿಕೊಳ್ಳುತ್ತದೆ.

ಯಾರೂ ಬಾರದೆ ಉಪಗ್ರಹದ ಚಿತ್ರದಿಂದಲೇ ಲೆಕ್ಕ ಕೊಡುವ ಅಗ್ಗದ ಆಯ್ಕೆಯೂ ಇದೆ. ಮನೆತೋಟಕ್ಕೆ ಅದು ಬೇಡ. ಉಚಿತವಾಗಿ ಸಿಗುವ ಚಿತ್ರಗಳಲ್ಲಿ ಒಂದು ಚುಕ್ಕೆ 10 ಮೀಟರ್ ಚೌಕ. 20 ಸೆಂಟು ಹಿತ್ತಲು ಎಂದರೆ ಎಂಟು ಚುಕ್ಕೆ, ಅದರಲ್ಲಿ ಎರಡು ಮನೆಯ ಮಾಡು. ಜೂನಿನಿಂದ ಸೆಪ್ಟೆಂಬರ್ ಮೋಡ. ಎಲೆಯ ಹೊದಿಕೆ ಒಮ್ಮೆ ಮುಚ್ಚಿಕೊಂಡ ಮೇಲೆ ಕೆಳಗಿನ ಕಾಂಡ ದಪ್ಪವೋ ಸಪೂರವೋ ಅದಕ್ಕೆ ತಿಳಿಯದು.

ವರದಿಯ ಕೊನೆಯ ಪುಟದಲ್ಲಿ ಒಟ್ಟು ಟನ್ನನ್ನು ಒಂದು ಬೆಲೆಯಿಂದ ಗುಣಿಸಿ "ಸಂಭಾವ್ಯ ಮೌಲ್ಯ" ಎಂದು ರೂಪಾಯಿ ಬರೆದಿದ್ದಾರೆ. ಇಡೀ ವರದಿಯಲ್ಲಿ ನಮಗೆ ಸಿಟ್ಟು ಬಂದದ್ದು ಇದಕ್ಕೆ. ಈಗಾಗಲೇ ನಿಂತಿರುವ ಮರಕ್ಕೆ ಕಾರ್ಬನ್ ಕ್ರೆಡಿಟ್ ಸಿಗುವುದಿಲ್ಲ. ಕ್ರೆಡಿಟ್ ಎಂದರೆ ಯೋಜನೆ ಶುರುವಾದ ಮೇಲೆ, ಯೋಜನೆಯ ಕಾರಣದಿಂದ, ಹೆಚ್ಚುವರಿಯಾಗಿ ಸೇರಿದ ಒಂದೊಂದು ಟನ್. ಕಾರ್ಬನ್ ಕ್ರೆಡಿಟ್ಟಿಗೆ ಮಾನದಂಡ ರೂಪಿಸುವ ವೆರಾ ಸಂಸ್ಥೆ 2023ರಲ್ಲಿ ಹೊರತಂದ ವಿಎಂ0047 ವಿಧಾನದಲ್ಲಿ ಚದುರಿದ ಮರಗಳನ್ನು ಒಂದೊಂದಾಗಿ ಎಣಿಸುವ ದಾರಿಯೂ ಇದೆ, ಆದರೆ ಎಣಿಕೆ ಆಗುವುದು ಹೊಸದಾಗಿ ನೆಟ್ಟ ಮರಗಳದ್ದು. ಬಂದ ಕ್ರೆಡಿಟ್ಟಿನಲ್ಲೂ ಒಂದು ಪಾಲನ್ನು ಮರ ಬಿದ್ದರೆ, ಸುಟ್ಟರೆ ಎಂದು ಮೀಸಲು ತೆಗೆದಿಡುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡದ ಜೊತೆ ತೋಟಗಳೇ ಜಾರಿಹೋದದ್ದನ್ನು ಕಂಡ ಜಿಲ್ಲೆಯಲ್ಲಿ ಆ ಮೀಸಲಿನ ಷರತ್ತನ್ನು ಓದದೆ ಸಹಿ ಹಾಕಬಾರದು. ಬೆಟ್ಟ ಕುಸಿದು ಮರ ಹೋದರೆ ನಷ್ಟ ಯಾರ ತಲೆಗೆ ಎಂದು ಬರವಣಿಗೆಯಲ್ಲಿ ಕೇಳಿ.

ಮರ ಯಾರದ್ದು ಎಂಬ ಪ್ರಶ್ನೆಯನ್ನು ಈ ಸೇವೆ ಮುಟ್ಟುವುದೇ ಇಲ್ಲ. ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಲ್ಲಿ ಹಲವು ಕಡೆ ಪಹಣಿ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ, ಹೆಸರಿನಲ್ಲಿರುತ್ತದೆ, ಅನುಭವದಲ್ಲಿರುವವರು ಬೇರೆ. ಬಾಣೆ ಜಾಗದ ಮರದ ಹಕ್ಕು ಎಲ್ಲ ಕಡೆ ಒಂದೇ ಅಲ್ಲ. ಕಾರ್ಬನ್ ಒಪ್ಪಂದಕ್ಕೆ ಒಬ್ಬರ ಸಹಿ ಸಾಕು ಎಂದು ಯಾರಾದರೂ ಹೇಳಿದರೆ, ಒಕ್ಕದ (ಮನೆತನದ) ಎಲ್ಲ ಪಾಲುದಾರರ ಒಪ್ಪಿಗೆ ಪತ್ರ ಮೊದಲು, ಉಳಿದದ್ದು ಆಮೇಲೆ.

ವರದಿಯ ಜೊತೆಗೆ ಸಲಹೆಯೂ ಬರುತ್ತದೆ, ಖಾಲಿ ಜಾಗದಲ್ಲೆಲ್ಲ ಸಿಲ್ವರ್ ನೆಡಿ ಎಂದು. ಬೇಗ ಬೆಳೆಯುತ್ತದೆ, ಮೆಣಸಿಗೆ ಆಸರೆ, ನಿಜ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಿಲ್ವರ್ ಕಡಿಯಲು ಅನುಮತಿಯ ಹಂಗಿಲ್ಲ, ಆದ್ದರಿಂದಲೇ ಅದು ಕಡಿಯಲಿಕ್ಕೆಂದೇ ಬೆಳೆಯುವ ಮರ. ಹೊನ್ನೆ, ನಂದಿ, ಮತ್ತಿ, ಹಲಸು ನಿಧಾನ, ಆದರೆ ಉಳಿಯುತ್ತವೆ, ಗಟ್ಟಿ, ದರಗು ಹೆಚ್ಚು ಕೊಡುತ್ತವೆ. ನಮ್ಮ ಸಲಹೆ, ಮೆಣಸಿನ ಸಾಲಿಗೆ ಬೇಕಾದಷ್ಟು ಸಿಲ್ವರ್ ಇರಲಿ. ಬೇಲಿಯಂಚು, ಹಳ್ಳದ ಬದಿ, ಮನೆಯ ಹಿಂದಿನ ಇಳಿಜಾರಿಗೆ ಕಾಡುಜಾತಿಯೇ ಇರಲಿ. ತಾನಾಗಿ ಹುಟ್ಟಿದ ಕಾಡುಸಸಿಗಳನ್ನು ಕಳೆ ಸವರುವಾಗ ಉಳಿಸಿಕೊಂಡರೆ ಸಸಿ ಕೊಳ್ಳುವ ಖರ್ಚೂ ಇಲ್ಲ.

ಕರೆಸುವುದಾದರೆ ಮೆಣಸಿನ ಕೊಯ್ಲು ಮುಗಿದು ಮರಗಸಿಗೆ ಮುಂಚೆ, ಒಂದೆರಡು ಮಳೆ ಬಿದ್ದ ಮೇಲೆ ಕರೆಸಿ. ಕೊಯ್ಯದ ಮೆಣಸಿದ್ದಾಗ ಬಳ್ಳಿಗೆ ಕೈ ಹಾಕಲಾಗದು, ಒಣಗಿ ಬಿರುಸಾದ ನೆಲಕ್ಕೆ ಬಳೆ ಇಳಿಯದು, ಮುಂಗಾರಿನಲ್ಲಿ ತೊಗಟೆ ನೀರು ಕುಡಿದು ಉಬ್ಬಿರುತ್ತದೆ. ಅಳೆದ ಮಟ್ಟದಲ್ಲಿ ಕಾಂಡಕ್ಕೆ ಬಣ್ಣದ ಗೆರೆ ಎಳೆಸಿ. ನಂಬರಿನ ಬಿಲ್ಲೆಯನ್ನು ಅಲ್ಯೂಮಿನಿಯಂ ಮೊಳೆಯಲ್ಲಿ ಹೊಡೆಸಿ, ಕಬ್ಬಿಣದ ಮೊಳೆ ಮುಂದೊಂದು ದಿನ ಗರಗಸದ ಹಲ್ಲು ಮುರಿಯುತ್ತದೆ. ಮೊಳೆ ಗೆರೆಯ ಮೇಲೆ ಬೇಡ, ಒಂದು ಗೇಣು ಮೇಲಿರಲಿ, ಮೊಳೆಯ ಸುತ್ತ ಮರ ಉಬ್ಬುತ್ತದೆ. ಮತ್ತೆ ಅಳೆಯುವಾಗ ಅದೇ ತಿಂಗಳು, ಅದೇ ಗೆರೆ. ಶುಲ್ಕವನ್ನು ಎರಡು ಕಂತಾಗಿ ಮಾಡಿಕೊಂಡು, ಎರಡನೆಯದನ್ನು ಮೂಲ ಪಟ್ಟಿ ಕೈಗೆ ಬಂದು, ಅದರಲ್ಲಿ ಹತ್ತು ಮರಗಳನ್ನು ನೀವೇ ಟೇಪು ಹಿಡಿದು ತಾಳೆ ನೋಡಿದ ಮೇಲೆ ಕೊಡಿ. ಆ ಹತ್ತರಲ್ಲಿ ಆರಾದರೂ ಬಳ್ಳಿ ಇರುವ ಮರಗಳಾಗಿರಲಿ.